ಇಂಗ್ಲಿಷ್ ಪಾಠ: ಎರಡು ಕ್ರಿಯಾಪದಕ್ಕೆ ಒಂದು ಕೊಂಡಿ



ಸಂಜೆಯ ಹೊತ್ತು ನಮ್ಮ ವಾಚನಾಲಯಕ್ಕೆ ಪತ್ರಿಕೆ ಓದಲು ಬರುವವರು ಕೆಲವರಾದರೆ, ಕೈಯಲ್ಲೊಂದು ಕಾಗದ ಹಿಡಿದುಕೊಂಡು ಬರುವವರು ಹಲವರು. ರಜೆಯ ಅರ್ಜಿ, ಪ್ರಾವಿಡೆಂಟ್ ಫಂಡಿನ ಪತ್ರ, ಮನೆಯ ಮಾಲೀಕರಿಗೆ ಜವಾಬು, ಮೇಲಧಿಕಾರಿಗಳಿಗೆ ವಿವರಣೆ, ಇವನ್ನೆಲ್ಲ ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ. ಕಾಗದದ ಮೇಲೆ ಬರೆದರೂ ಒಂದೇ, ಮೊಬೈಲಿನಲ್ಲಿ ಬರೆದರೂ ಒಂದೇ, ಕಷ್ಟ ಬದಲಾಗುವುದಿಲ್ಲ. ಬಿಡಿ ಪದಗಳು ನಮಗೆ ಬೇಕಾದಷ್ಟು ಗೊತ್ತಿವೆ. ಎಡವುವುದು ಅವುಗಳನ್ನು ಜೋಡಿಸುವಲ್ಲಿ.

ಆದುದರಿಂದ ಈ ಸಂಚಿಕೆಯ ಪಾಠಕ್ಕೆ ಕ್ರಿಯಾಪದ, ಕ್ರಿಯಾವಿಶೇಷಣ, ಮತ್ತು ವಾಕ್ಯಗಳನ್ನು ಕೂಡಿಸುವ ಅವ್ಯಯ ಎಂಬ ಮೂರನ್ನು ತೆಗೆದುಕೊಂಡಿದ್ದೇವೆ. ನಾವು ಮೆಟ್ರಿಕ್ ತನಕ ಓದಿ ಗಿರಣಿಯ ಹಾಜರಿ ಪುಸ್ತಕ ಬರೆಯುವವರೇ ಹೊರತು ಪಂಡಿತರಲ್ಲ. ತಪ್ಪು ಮಾಡಿ ಕಲಿತದ್ದನ್ನೇ ಇಲ್ಲಿ ಹೇಳುತ್ತೇವೆ. ಮೊದಲು ಆ ತಪ್ಪನ್ನೇ ಹೇಳಿಬಿಡುವುದು ಒಳ್ಳೆಯದು.

1. ನಮ್ಮದೇ ಒಂದು ತಪ್ಪು

ಕೆಲವು ವರ್ಷಗಳ ಹಿಂದೆ ಧಾರವಾಡದ ಕಡೆಯ ಕೆಲಸಗಾರರೊಬ್ಬರು ನಮ್ಮಲ್ಲಿಗೆ ಬಂದರು. ಬದಲಿ ಆಳು ಬರುವ ಮೊದಲೇ ಯಂತ್ರ ಬಿಟ್ಟು ಹೋದಿರೆಂದು ಅವರ ಮೇಲೆ ಆಪಾದನೆ ಬಂದಿತ್ತು. ಎರಡು ದಿನದೊಳಗೆ ಬರಹದಲ್ಲಿ ಉತ್ತರ ಕೊಡಬೇಕಾಗಿತ್ತು. ನಡೆದದ್ದು ಇಷ್ಟೇ: ಬದಲಿ ಆಳು ತಡಮಾಡಿದ, “ನಿಲ್ಲು” ಎಂದು ಸರ್ದಾರರು ಹೇಳಿದರು, ಇವರು ನಿಂತರು. “ಸರ್ದಾರರು ಹೇಳಿದ್ದರಿಂದ ನಾನು ಯಂತ್ರ ಬಿಟ್ಟು ಹೋಗಲಿಲ್ಲ ಅಂತ ಬರೀರಿ” ಎಂದರು. ನಾವು ಧೈರ್ಯವಾಗಿ ಬರೆದುಕೊಟ್ಟೆವು:

“ಐ ಡಿಡ್ ನಾಟ್ ಲೀವ್ ದಿ ಮಶೀನ್ ಬಿಕಾಸ್ ದಿ ಸರ್ದಾರ್ ಟೋಲ್ಡ್ ಮೀ.”

ಪದ ಪದವಾಗಿ ನೋಡಿದರೆ ಇದರಲ್ಲಿ ತಪ್ಪಿಲ್ಲ. ಆದರೆ ಕಚೇರಿಯಲ್ಲಿ ಓದಿದವರು ಬೇರೆ ಅರ್ಥ ಮಾಡಿದರು: “ನಾನು ಯಂತ್ರ ಬಿಟ್ಟು ಹೋದದ್ದು ಸರ್ದಾರರು ಹೇಳಿದರೆಂದಲ್ಲ.” ಅಂದರೆ, ಬಿಟ್ಟು ಹೋದದ್ದು ನಿಜ, ಅದೂ ತನ್ನಿಷ್ಟದಿಂದ! ಉತ್ತರವೆಂದು ಬರೆದದ್ದು ಒಪ್ಪಿಗೆಯಾಗಿಹೋಯಿತು. ಎರಡು ದಿನದ ಕೂಲಿ ಹೋಯಿತು. ಹೆಸರಿನ ಮುಂದೆ ಎಚ್ಚರಿಕೆಯ ಗುರುತೂ ಬಿತ್ತು.

ಆ ಕೂಲಿಯನ್ನು ನಾವು ಕೊಡುತ್ತೇವೆಂದು ಹೋದೆವು. ಅವರು ತೆಗೆದುಕೊಳ್ಳಲಿಲ್ಲ. “ರೊಕ್ಕ ಬ್ಯಾಡ್ರಿ. ಆ ಸಾಲು ಯಾಕ ಕೆಟ್ಟಿತು ಅಂತ ನನಗೂ ಒಂದೀಟು ತಿಳಿಸ್ರಿ” ಎಂದರು. ಆ ದಿನ ತಿಳಿಸಲು ನಮಗೇ ತಿಳಿದಿರಲಿಲ್ಲ. ಈ ಪಾಠವು ಅವರಿಗೆ ಕೊಡಬೇಕಾಗಿದ್ದ ಉತ್ತರ.

2. ಹೊಳೆಯ ಮೇಲೊಂದು ಕನ್ನಡ ವ್ಯಾಕರಣ

ಈ ಎಡವಿಕೆಗೆ ನಮ್ಮ ದಡ್ಡತನವೇ ಕಾರಣವೆಂದು ಯಾರೂ ತಿಳಿಯಬೇಕಾಗಿಲ್ಲ. ಎರಡು ಭಾಷೆಗಳ ಕಟ್ಟಡವೇ ಒಂದಕ್ಕೊಂದು ಎದುರು. ಇದಕ್ಕೆ ಸಾಕ್ಷಿ ನಮ್ಮ ಹೂಗ್ಲಿಯ ದಂಡೆಯಲ್ಲೇ ಇದೆ. ಗಾರ್ಡನ್ ರೀಚಿನಿಂದ ಹೊಳೆಯ ಮೇಲ್ಭಾಗಕ್ಕೆ ಹೋದರೆ ಎದುರು ದಂಡೆಯಲ್ಲಿ ಶ್ರೀರಾಮಪುರ ಸಿಗುತ್ತದೆ. ಅಲ್ಲಿಯ ಮಿಷನ್ ಮುದ್ರಣಾಲಯದಲ್ಲಿ 1817ರಲ್ಲಿ ವಿಲಿಯಂ ಕೇರಿಯವರು ಬರೆದ ಕನ್ನಡ ವ್ಯಾಕರಣವು ಇಂಗ್ಲಿಷಿನಲ್ಲಿ ಅಚ್ಚಾಯಿತು. ಅಚ್ಚಿಗೆ ಬಂದ ಕನ್ನಡ ವ್ಯಾಕರಣಗಳಲ್ಲಿ ಅದು ಬಹಳ ಹಳೆಯದು.

ಈ ಕೇರಿಯವರು ಇಂಗ್ಲೆಂಡಿನಲ್ಲಿದ್ದಾಗ ಜೋಡು ಹೊಲಿಯುವ ಕಸುಬು ಮಾಡಿದವರು. 1793ರಲ್ಲಿ ಬಂಗಾಳಕ್ಕೆ ಬಂದರು, 1800ರಲ್ಲಿ ಶ್ರೀರಾಮಪುರದಲ್ಲಿ ನೆಲೆಸಿದರು, 1834ರಲ್ಲಿ ಅಲ್ಲಿಯೇ ತೀರಿಕೊಂಡರು. ಕನ್ನಡ ನಾಡಿನಲ್ಲಿ ನೆಲೆಸಿದವರಲ್ಲ. ಕ್ರಿಯಾಪದ ನಡುವೆ ಬರುವ ಭಾಷೆಯಲ್ಲಿ ಹುಟ್ಟಿದ ಅವರು, ಕ್ರಿಯಾಪದ ಕಡೆಗೆ ಬರುವ ನಮ್ಮ ಭಾಷೆಯ ನಿಯಮಗಳನ್ನು ಹೂಗ್ಲಿಯ ದಂಡೆಯಲ್ಲಿ ಕುಳಿತು ಬರೆದರು. ಅದೇ ಹೊಳೆಯ ದಂಡೆಯಲ್ಲಿ ನಾವು ಅದೇ ದಾರಿಯನ್ನು ಎದುರು ದಿಕ್ಕಿನಿಂದ ನಡೆಯುತ್ತಿದ್ದೇವೆ. ಕೈಕಸುಬಿನವರೊಬ್ಬರಿಗೆ ಸಾಧ್ಯವಾದದ್ದು ನಮಗೆ ಏಕೆ ಸಾಧ್ಯವಾಗಬಾರದು?

3. ಕೊಂಡಿ ಎಲ್ಲಿದೆ?

ಆಗ್ನೇಯ ರೈಲ್ವೆಯ ಮುಖ್ಯ ಕಚೇರಿ ನಮ್ಮ ಗಾರ್ಡನ್ ರೀಚಿನಲ್ಲೇ ಇದೆ. ನಮ್ಮಲ್ಲಿ ಗೂಡ್ಸ್ ಗಾಡಿಯನ್ನು ಕಾಣದವರಿಲ್ಲ. ಒಂದು ಡಬ್ಬಿಗೂ ಇನ್ನೊಂದು ಡಬ್ಬಿಗೂ ನಡುವೆ ಕೊಂಡಿ ಇರುತ್ತದೆ. ವಾಕ್ಯದಲ್ಲಿ ಡಬ್ಬಿ ಎಂದರೆ ಕ್ರಿಯಾಪದ. ಕೊಂಡಿ ಎಂದರೆ ಕೂಡಿಸುವ ಪದ.

ಕನ್ನಡದಲ್ಲಿ ಈ ಕೊಂಡಿ ಡಬ್ಬಿಗೇ ಬೆಸೆದುಕೊಂಡಿರುತ್ತದೆ. “ಬರು” ಎಂಬ ಒಂದೇ ಧಾತುವನ್ನು ನೋಡಿರಿ: ಬಂದು, ಬಂದರೆ, ಬಂದರೂ, ಬರುವಾಗ, ಬರುವವರೆಗೆ, ಬಂದುದರಿಂದ, ಬಾರದಿದ್ದರೆ. ಕ್ರಿಯಾಪದದ ಬಾಲವನ್ನು ನೋಡಿದೊಡನೆ ಮುಂದಿನ ಮಾತಿಗೆ ಅದು ಹೇಗೆ ಅಂಟುತ್ತದೆಂದು ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಕೊಂಡಿ ಬೇರೆ ಪದ. ಅದು ತನ್ನ ವಾಕ್ಯದ ಬಾಲದಲ್ಲಿ ಬರುವುದಿಲ್ಲ, ತಲೆಯಲ್ಲಿ ಬರುತ್ತದೆ:

ಬಂದರೆ: ಇಫ್ ಹಿ ಕಮ್ಸ್
ಬಂದರೂ: ಆಲ್‌ದೋ ಹಿ ಕೇಮ್
ಬರುವಾಗ: ವೆನ್ ಹಿ ಕಮ್ಸ್
ಬರುವವರೆಗೆ: ಅಂಟಿಲ್ ಹಿ ಕಮ್ಸ್
ಬಂದುದರಿಂದ: ಬಿಕಾಸ್ ಹಿ ಕೇಮ್
ಬಾರದಿದ್ದರೆ: ಅನ್‌ಲೆಸ್ ಹಿ ಕಮ್ಸ್

ಇಲ್ಲಿ ಒಂದು ಸಂಗತಿ ಗಮನಿಸತಕ್ಕದ್ದು. ನಾಳೆಯ ಮಾತಾದರೂ ನಾವು “ನಾಳೆ ಬಂದರೆ” ಎನ್ನುತ್ತೇವೆಯೇ ಹೊರತು ಭವಿಷ್ಯತ್ಕಾಲದ ರೂಪ ಬಳಸುವುದಿಲ್ಲ. ಇಂಗ್ಲಿಷಿನವರೂ ಇಂಥ ಕಡೆ ಭವಿಷ್ಯತ್ತನ್ನು ಬಿಟ್ಟು ವರ್ತಮಾನವನ್ನು ಇಡುತ್ತಾರೆ. “ಇಫ್ ಹಿ ವಿಲ್ ಕಮ್ ಟುಮಾರೊ” ಎಂದು ಬರೆಯಬಾರದು. “ಇಫ್ ಹಿ ಕಮ್ಸ್ ಟುಮಾರೊ” ಎನ್ನಬೇಕು. “ವೆನ್”, “ಅಂಟಿಲ್”, “ಅನ್‌ಲೆಸ್” ಇವು ಸಮಯವನ್ನೋ ಷರತ್ತನ್ನೋ ಹೇಳುವಾಗಲೂ ಹೀಗೆಯೇ.

4. ಕೊಂಡಿಯ ಲೆಕ್ಕ

ವಾಕ್ಯ ಬರೆದ ಮೇಲೆ ಪೂರ್ಣ ಕ್ರಿಯಾಪದಗಳ ಕೆಳಗೆ ಗೆರೆ ಎಳೆದು ಎಣಿಸಿರಿ. “ಡಿಡ್ ನಾಟ್ ಲೀವ್”, “ವಿಲ್ ಕಮ್”, “ಹ್ಯಾಸ್ ಬೀನ್” ಇಂಥವನ್ನು ಒಟ್ಟಿಗೆ ಒಂದೇ ಎಂದು ಎಣಿಸಬೇಕು. “ಟು ಸ್ಟೇ”, “ಟು ಗೋ” ಎಂಬಂಥವು ನಮ್ಮ “ನಿಲ್ಲಲು”, “ಹೋಗಲು” ಇದ್ದ ಹಾಗೆ ಅಪೂರ್ಣವಾದವು, ಅವನ್ನು ಎಣಿಸಬೇಡಿರಿ. ಎಣಿಸಿ ಬಂದ ಸಂಖ್ಯೆಯಲ್ಲಿ ಒಂದನ್ನು ಕಳೆದರೆ ಎಷ್ಟೋ ಅಷ್ಟು ಕೊಂಡಿಗಳಿರಬೇಕು. ಎರಡು ಕ್ರಿಯಾಪದಕ್ಕೆ ಒಂದು ಕೊಂಡಿ, ಮೂರಕ್ಕೆ ಎರಡು. ಈ ಲೆಕ್ಕವೊಂದರಿಂದಲೇ ನಮ್ಮ ಅರ್ಜಿಗಳ ಅನೇಕ ತಪ್ಪುಗಳು ಸಿಕ್ಕಿಬೀಳುತ್ತವೆ.

ಕೊಂಡಿ ಹೆಚ್ಚಾದಾಗ: “ಆಲ್‌ದೋ ಐ ವಾಸ್ ಇಲ್, ಬಟ್ ಐ ಕೇಮ್.” ಕ್ರಿಯಾಪದ ಎರಡು, ಕೊಂಡಿಯೂ ಎರಡು; ಒಂದು ಹೆಚ್ಚಾಯಿತು. “ಆಲ್‌ದೋ” ಇಟ್ಟರೆ “ಬಟ್” ತೆಗೆಯಿರಿ; “ಬಟ್” ಬೇಕಾದರೆ “ಆಲ್‌ದೋ” ತೆಗೆಯಿರಿ. ಸಂಸ್ಕೃತದ “ಯದ್ಯಪಿ... ತಥಾಪಿ”, ಬಂಗಾಳಿಯ “ಜೊದಿಯೋ... ತೊಬು” ಎಂಬ ಜೋಡಿಗಳ ರೂಢಿ ನಮ್ಮ ಕಿವಿಯಲ್ಲಿರುವುದರಿಂದ ಈ ತಪ್ಪು ಸುಲಭವಾಗಿ ನುಸುಳುತ್ತದೆ. “ಜ್ವರ ಇದ್ದರೂ ಬಂದೆನು” ಎಂಬ ನಮ್ಮ ಕನ್ನಡದಲ್ಲಿ ಕೊಂಡಿ ಒಂದೇ ಎಂಬುದನ್ನು ನೆನಪಿಟ್ಟರೆ ಸಾಕು.

ನಿಷೇಧ ಹೆಚ್ಚಾದಾಗ: “ವೇಟ್ ಅಂಟಿಲ್ ಹಿ ಡಸ್ ನಾಟ್ ಕಮ್” ಎಂಬ ಮಾತು ಇಲ್ಲಿಯ ಕಚೇರಿಗಳಲ್ಲಿ ಕೇಳಿಬರುತ್ತದೆ. ಬಂಗಾಳಿಯಲ್ಲೂ ಹಿಂದಿಯಲ್ಲೂ ಇಂಥ ಕಡೆ “ನಾ” ಸೇರುವುದು ಪದ್ಧತಿ. ಕನ್ನಡದ “ಅವನು ಬರುವವರೆಗೆ ಕಾಯಿರಿ” ಎಂಬುದರಲ್ಲಿ “ಇಲ್ಲ” ಎಲ್ಲಿದೆ? ಇಲ್ಲಿ ನಮ್ಮ ಭಾಷೆ ಇಂಗ್ಲಿಷಿನ ಜೊತೆಗಿದೆ. ನೆರೆಯವರ ತಪ್ಪನ್ನು ಎರವಲು ತರಬೇಕಾಗಿಲ್ಲ. “ಅನ್‌ಲೆಸ್” ಎಂಬುದರೊಳಗೆ “ಇಲ್ಲದಿದ್ದರೆ” ಎಂಬ ಅರ್ಥ ಮೊದಲೇ ಇದೆ. “ಅನ್‌ಲೆಸ್ ಯು ಡು ನಾಟ್ ಪೇ” ಎಂದು ಬರೆದರೆ ಹಣ ಕೊಡದಂತೆ ಹೇಳಿದ ಹಾಗಾಗುತ್ತದೆ.

ಕೊಂಡಿ ಇಲ್ಲದಾಗ: “ಮೈ ಮದರ್ ಈಸ್ ಇಲ್, ಐ ಮಸ್ಟ್ ಗೋ ಹೋಮ್.” ಎರಡು ಡಬ್ಬಿಗಳ ನಡುವೆ ಬರಿಯ ಅಲ್ಪವಿರಾಮ. ಅದು ದಾರವೇ ಹೊರತು ಕೊಂಡಿಯಲ್ಲ. “ಸೋ” ಎಂಬ ಕೊಂಡಿಯನ್ನು ಹಾಕಿರಿ, ಇಲ್ಲವೇ ಪೂರ್ಣವಿರಾಮವಿಟ್ಟು ಎರಡು ವಾಕ್ಯ ಮಾಡಿರಿ.

ಇದಕ್ಕೆ ಎರಡು ವಿನಾಯಿತಿಗಳುಂಟು. ಒಂದರ ಹಿಂದೊಂದು ಮಾಡಿದ ಕೆಲಸಗಳನ್ನು ಹೇಳುವಾಗ ಅಲ್ಪವಿರಾಮ ಸಾಕು. ಕಡೆಯದಕ್ಕೆ ಮೊದಲು ಮಾತ್ರ “ಅಂಡ್” ಬರುತ್ತದೆ. “ಎದ್ದು, ಮುಖ ತೊಳೆದು, ಚಹಾ ಕುಡಿದು ಗಿರಣಿಗೆ ಹೋದೆನು” ಎಂಬುದು “ಐ ಗಾಟ್ ಅಪ್, ವಾಶ್ಡ್ ಮೈ ಫೇಸ್, ಡ್ರ್ಯಾಂಕ್ ಟೀ ಅಂಡ್ ವೆಂಟ್ ಟು ದಿ ಮಿಲ್” ಎಂದಾಗುತ್ತದೆ. ಕನ್ನಡದಲ್ಲಿ ಪೂರ್ಣ ಕ್ರಿಯಾಪದ ಕಡೆಯದೊಂದೇ. ಇಂಗ್ಲಿಷಿನಲ್ಲಿ ನಾಲ್ಕೂ ಪೂರ್ಣವೇ. ಇನ್ನು “ಐ ಥಿಂಕ್ ಹಿ ವಿಲ್ ಕಮ್” ಎಂಬಂಥ ಕಡೆ “ದ್ಯಾಟ್” ಎಂಬ ಕೊಂಡಿ ಅಡಗಿರುತ್ತದೆ. ಅದು ನಮ್ಮ “ಎಂದು”. ಆದರೆ ನಮ್ಮದು ಮಾತಿನ ಹಿಂದೆ ಬರುತ್ತದೆ, ಅವರದು ಮುಂದೆ.

5. ಕೊಂಡಿಯಂತೆ ಕಾಣುವ ಕ್ರಿಯಾವಿಶೇಷಣ

ಹದಿಮೂರನೆಯ ಶತಮಾನದ ಕೇಶಿರಾಜನ “ಶಬ್ದಮಣಿದರ್ಪಣ”ದಲ್ಲಿ ಅವ್ಯಯಗಳಿಗೇ ಒಂದು ಪ್ರಕರಣವಿದೆ. ನಮ್ಮ ಸಂಪ್ರದಾಯದಲ್ಲಿ ಬೇಗನೆ, ಸುಮ್ಮನೆ, ಮತ್ತು, ಆದರೆ ಇವೆಲ್ಲ ಅವ್ಯಯವೆಂಬ ಒಂದೇ ಮನೆಯವು. ಇಂಗ್ಲಿಷ್ ವ್ಯಾಕರಣದಲ್ಲಿ ಅವುಗಳಿಗೆ ಎರಡು ಮನೆ. ಆದುದರಿಂದ ನಮಗೆ ಒಂದು ಗೊಂದಲ: “ಹೌಎವರ್”, “ದೇರ್‌ಫೋರ್” ಇವು ಅರ್ಥದಲ್ಲಿ ಕೊಂಡಿಗಳಂತೆ ಕಂಡರೂ ಕ್ರಿಯಾವಿಶೇಷಣಗಳು. ಎರಡು ಡಬ್ಬಿಗಳನ್ನು ಎಳೆಯುವ ಶಕ್ತಿ ಅವಕ್ಕಿಲ್ಲ.

ಪರೀಕ್ಷೆ ಸುಲಭ. ಪದವನ್ನು ಅದರ ಜಾಗದಿಂದ ಸರಿಸಿ ನೋಡಿರಿ. “ದಿ ಗೇಟ್, ಹೌಎವರ್, ವಾಸ್ ಕ್ಲೋಸ್ಡ್” ಎನ್ನಬಹುದು. “ದಿ ಗೇಟ್ ಬಟ್ ವಾಸ್ ಕ್ಲೋಸ್ಡ್” ಎನ್ನಲಾಗದು. ಹೀಗೆ ಸರಿಯುವ ಪದ ಕೊಂಡಿಯಲ್ಲ. ಆದುದರಿಂದ “ಐ ಕೇಮ್ ಅರ್ಲಿ” ಎಂದು ಪೂರ್ಣವಿರಾಮವಿಟ್ಟು, ಆಮೇಲೆ “ಹೌಎವರ್, ದಿ ಗೇಟ್ ವಾಸ್ ಕ್ಲೋಸ್ಡ್” ಎಂದು ಬರೆಯತಕ್ಕದ್ದು.

6. ಕ್ರಿಯಾವಿಶೇಷಣದ ಜಾಗ

ನಮ್ಮಲ್ಲಿ “ಕೆಲಸವನ್ನು ಬೇಗ ಮಾಡಿದನು” ಎಂದು ವಿಶೇಷಣವು ಕ್ರಿಯಾಪದದ ಹಿಂದೆಯೇ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೂ ಕರ್ಮಕ್ಕೂ ನಡುವೆ ಅದನ್ನು ತುರುಕಬಾರದು. “ಹಿ ಡಿಡ್ ಕ್ವಿಕ್ಲಿ ದಿ ವರ್ಕ್” ಸರಿಯಲ್ಲ. “ಹಿ ಡಿಡ್ ದಿ ವರ್ಕ್ ಕ್ವಿಕ್ಲಿ” ಸರಿ. “ಆಲ್ವೇಸ್”, “ನೆವರ್” ಮುಂತಾದವು ಸಾಮಾನ್ಯವಾಗಿ ಮುಖ್ಯ ಕ್ರಿಯಾಪದದ ಮುಂಚೆ ಬರುತ್ತವೆ: “ಹಿ ಆಲ್ವೇಸ್ ಕಮ್ಸ್ ಲೇಟ್.” ಆದರೆ “ಈಸ್”, “ಹ್ಯಾಸ್” ಇದ್ದರೆ ಅದರ ತರುವಾಯ: “ಹಿ ಈಸ್ ಆಲ್ವೇಸ್ ಲೇಟ್”, “ಹಿ ಹ್ಯಾಸ್ ನೆವರ್ ಬೀನ್ ಲೇಟ್.”

ಕೆಲವು ವಿಶೇಷಣಗಳು ಬಾಲ ಸೇರಿದೊಡನೆ ಅರ್ಥವನ್ನೇ ತಲೆಕೆಳಗು ಮಾಡುತ್ತವೆ. “ಹಿ ವರ್ಕ್ಸ್ ಹಾರ್ಡ್” ಎಂದರೆ ಕಷ್ಟಪಟ್ಟು ದುಡಿಯುತ್ತಾನೆ. “ಹಿ ಹಾರ್ಡ್ಲಿ ವರ್ಕ್ಸ್” ಎಂದರೆ ದುಡಿಯುವುದೇ ಅಪರೂಪ. ಶಿಫಾರಸು ಪತ್ರದಲ್ಲಿ ಈ ಒಂದು ಅಕ್ಷರದ ಬಾಲ ಅಂಟಿದರೆ ಹೊಗಳಿಕೆ ತೆಗಳಿಕೆಯಾಗುತ್ತದೆ. “ಲೇಟ್” ಎಂದರೆ ತಡವಾಗಿ, “ಲೇಟ್ಲಿ” ಎಂದರೆ ಇತ್ತೀಚೆಗೆ.

ಎಲ್ಲಕ್ಕಿಂತ ಚಂಚಲವಾದದ್ದು “ಓನ್ಲಿ”. ನಮ್ಮ “ಮಾತ್ರ” ಮತ್ತು “ಏ” ಪದದ ಹಿಂದೆ ಅಂಟುತ್ತವೆ: ಅವನು ಮಾತ್ರ, ಇವತ್ತೇ. ಅದೇ ಅಭ್ಯಾಸದಿಂದ ನಾವು “ಟುಡೇ ಓನ್ಲಿ ಐ ಕೇಮ್” ಎನ್ನುತ್ತೇವೆ. ಕೇಳಿದವರು ಇವರು ದಕ್ಷಿಣದವರೆಂದು ತಿಳಿಯುತ್ತಾರೆ. ಇಂಗ್ಲಿಷಿನಲ್ಲಿ “ಓನ್ಲಿ”ಯನ್ನು ಅದು ಯಾವ ಪದಕ್ಕೆ ಸೇರಿದ್ದೋ ಅದರ ಮುಂಚೆ ಇಡುವುದು ಕ್ಷೇಮ:

“ಓನ್ಲಿ ಹಿ ವರ್ಕ್ಡ್ ಆನ್ ಸಂಡೇ”: ಭಾನುವಾರ ಅವನೊಬ್ಬನೇ ಕೆಲಸ ಮಾಡಿದನು.
“ಹಿ ವರ್ಕ್ಡ್ ಓನ್ಲಿ ಆನ್ ಸಂಡೇ”: ಅವನು ಭಾನುವಾರ ಮಾತ್ರ ಕೆಲಸ ಮಾಡಿದನು.

ಮೊದಲನೆಯದರಲ್ಲಿ ಉಳಿದವರೆಲ್ಲರ ಭಾನುವಾರದ ಕೂಲಿ ಹೋಗುತ್ತದೆ. ಎರಡನೆಯದರಲ್ಲಿ ಅವನ ವಾರದ ಕೂಲಿಯೆಲ್ಲ ಹೋಗುತ್ತದೆ. ಹಾಜರಿ ಬರೆಯುವವರು ಇದನ್ನು ಮರೆಯಬಾರದು. “ಫಾರ್ ಮೆಂಬರ್ಸ್ ಓನ್ಲಿ” ಎಂದು ಹಲಗೆಯ ಮೇಲೆ ಹಿಂದೆ ಬರೆಯುವುದು ಫಲಕಗಳ ರೂಢಿ, ಅದು ತಪ್ಪಲ್ಲ.

7. ಆ ಸಾಲು ಕೆಟ್ಟದ್ದು ಹೇಗೆ?

ಈಗ ಮೊದಲಿನ ವಾಕ್ಯಕ್ಕೆ ಬರೋಣ. “ಐ ಡಿಡ್ ನಾಟ್ ಲೀವ್ ದಿ ಮಶೀನ್ ಬಿಕಾಸ್ ದಿ ಸರ್ದಾರ್ ಟೋಲ್ಡ್ ಮೀ.” ಕ್ರಿಯಾಪದ ಎರಡು, ಕೊಂಡಿ ಒಂದು, ಲೆಕ್ಕ ಸರಿಯಾಗಿದೆ. ತೊಂದರೆ ಇರುವುದು “ನಾಟ್” ಎಂಬ ಕ್ರಿಯಾವಿಶೇಷಣದಲ್ಲಿ. ಅದು “ಲೀವ್” ಎಂಬುದನ್ನು ಮಾತ್ರ ಅಲ್ಲಗಳೆಯುತ್ತದೆಯೇ? ಅಥವಾ ಕೊಂಡಿಯನ್ನು ದಾಟಿ ಹೋಗಿ ಕಾರಣವನ್ನು ಅಲ್ಲಗಳೆಯುತ್ತದೆಯೇ? ಎರಡಕ್ಕೂ ಎಡೆಯಿದೆ. ಸಾಲದುದಕ್ಕೆ ಸರ್ದಾರರು ಏನು ಹೇಳಿದರೆಂಬುದನ್ನೇ ನಾವು ಬರೆದಿರಲಿಲ್ಲ. ನಿಲ್ಲೆಂದರೋ, ಹೋಗೆಂದರೋ? ಆ ಖಾಲಿ ಜಾಗವನ್ನು ಓದುವವರು ತಮಗೆ ತೋಚಿದ್ದರಿಂದ ತುಂಬಿಕೊಂಡರು.

ಕನ್ನಡದಲ್ಲಿ ಈ ಸಂಶಯ ಏಳುವುದಿಲ್ಲ. “ಹೇಳಿದ್ದರಿಂದ ಹೋಗಲಿಲ್ಲ” ಎಂಬುದೇ ಬೇರೆ, “ಹೋದದ್ದು ಹೇಳಿದ್ದರಿಂದಲ್ಲ” ಎಂಬುದೇ ಬೇರೆ. ನಮ್ಮ “ಇಲ್ಲ”, “ಅಲ್ಲ” ತಾವು ಯಾವುದಕ್ಕೆ ಸೇರಿದವೋ ಅದಕ್ಕೇ ಅಂಟಿ ನಿಲ್ಲುತ್ತವೆ. ಆ ಭರವಸೆಯನ್ನೇ ಇಂಗ್ಲಿಷಿನಲ್ಲಿಯೂ ಇಟ್ಟು ನಾವು ಮೋಸಹೋದೆವು.

ಪರಿಹಾರ ಎರಡುಂಟು. ಕಾರಣವನ್ನು ಮೊದಲು ಹೇಳುವುದು: “ಬಿಕಾಸ್ ದಿ ಸರ್ದಾರ್ ಟೋಲ್ಡ್ ಮೀ ಟು ಸ್ಟೇ, ಐ ಡಿಡ್ ನಾಟ್ ಲೀವ್ ದಿ ಮಶೀನ್.” ಇಲ್ಲವೇ “ಸೋ” ಹಾಕುವುದು: “ದಿ ಸರ್ದಾರ್ ಟೋಲ್ಡ್ ಮೀ ಟು ಸ್ಟೇ, ಸೋ ಐ ಡಿಡ್ ನಾಟ್ ಲೀವ್ ದಿ ಮಶೀನ್.” ಎರಡೂ ಕನ್ನಡದ ಕ್ರಮವೇ: ಕಾರಣ ಮೊದಲು, ಕಾರ್ಯ ಆಮೇಲೆ. “ಬಿಕಾಸ್” ಮುಂಚೆ ಅಲ್ಪವಿರಾಮ ಇಟ್ಟರೂ ಸ್ವಲ್ಪ ಸಹಾಯವಾಗುತ್ತದೆ. ಆದರೆ ಒಬ್ಬರ ಕೂಲಿಯನ್ನು ಒಂದು ಅಲ್ಪವಿರಾಮಕ್ಕೆ ತೂಗುಹಾಕುವುದು ಜಾಣತನವಲ್ಲ.

ಎರಡನೆಯ ರೀತಿಯಲ್ಲಿ ನಾವು ಮತ್ತೊಂದು ಪತ್ರ ಬರೆದುಕೊಟ್ಟೆವು. ಸರ್ದಾರರೂ ಹೌದೆಂದು ಹೇಳಿದರು. ಎಚ್ಚರಿಕೆಯ ಗುರುತು ಅಳಿಯಿತು. ಎರಡು ದಿನದ ಕೂಲಿ ಮಾತ್ರ ತಿರುಗಿ ಬರಲಿಲ್ಲ.

8. ಅಭ್ಯಾಸ

ಕೆಳಗಿನ ವಾಕ್ಯಗಳನ್ನು ತಿದ್ದಿರಿ. ಕೆಳಗಿನ ಉತ್ತರಗಳನ್ನು ಕೈಯಿಂದ ಮುಚ್ಚಿಕೊಂಡು ಮಾಡಬೇಕಾಗಿ ವಿನಂತಿ.

(ಅ) ಆಲ್‌ದೋ ಇಟ್ ರೈನ್ಡ್, ಬಟ್ ವಿ ಕೇಮ್.
(ಆ) ಪ್ಲೀಸ್ ವೇಟ್ ಅಂಟಿಲ್ ದಿ ಕ್ಲರ್ಕ್ ಡಸ್ ನಾಟ್ ಕಮ್.
(ಇ) ಇಫ್ ದಿ ಮನಿ ವಿಲ್ ಕಮ್, ಐ ವಿಲ್ ಇನ್ಫಾರ್ಮ್ ಯು.
(ಈ) ಮೈ ಬ್ರದರ್ ಈಸ್ ಆನೆಸ್ಟ್ ಅಂಡ್ ವರ್ಕ್ಸ್ ಹಾರ್ಡ್ಲಿ.
(ಉ) ಐ ಡಿಡ್ ನಾಟ್ ಟೇಕ್ ಲೀವ್ ಬಿಕಾಸ್ ಐ ವಾಸ್ ಇಲ್.

ಉತ್ತರಗಳು: (ಅ) “ಬಟ್” ತೆಗೆಯಿರಿ. (ಆ) “ಅಂಟಿಲ್ ದಿ ಕ್ಲರ್ಕ್ ಕಮ್ಸ್.” (ಇ) “ಇಫ್ ದಿ ಮನಿ ಕಮ್ಸ್.” (ಈ) “ವರ್ಕ್ಸ್ ಹಾರ್ಡ್.” (ಉ) ಮೊದಲು ನಿಮ್ಮನ್ನೇ ಕೇಳಿಕೊಳ್ಳಿರಿ: ರಜೆ ತೆಗೆದುಕೊಂಡಿರೋ, ಇಲ್ಲವೋ? ತೆಗೆದುಕೊಂಡಿದ್ದು ಕಾರಣ ಬೇರೆಯಾಗಿದ್ದರೆ, ಉದಾಹರಣೆಗೆ ತಾಯಿಯವರ ಕಾಯಿಲೆಯಾಗಿದ್ದರೆ, “ಐ ಟುಕ್ ಲೀವ್ ಬಿಕಾಸ್ ಮೈ ಮದರ್ ವಾಸ್ ಇಲ್” ಎಂದು ನೇರವಾಗಿ ಬರೆಯಿರಿ. ಕಾಯಿಲೆಯ ನಡುವೆಯೂ ರಜೆ ತೆಗೆದುಕೊಳ್ಳದೆ ದುಡಿದಿದ್ದರೆ “ಆಲ್‌ದೋ ಐ ವಾಸ್ ಇಲ್, ಐ ಡಿಡ್ ನಾಟ್ ಟೇಕ್ ಲೀವ್” ಎನ್ನಿರಿ.

ಕಡೆಯದಾಗಿ ಒಂದು ಮಾತು. ಇಂಗ್ಲಿಷಿನಲ್ಲಿ ಬರೆಯುವ ಮುಂಚೆ ನಿಮ್ಮ ಮಾತನ್ನು ಕನ್ನಡದಲ್ಲಿ ಒಂದು ಸಲ ಗಟ್ಟಿಯಾಗಿ ಹೇಳಿಕೊಳ್ಳಿರಿ. ಯಾವ ಕ್ರಿಯೆ, ಯಾವ ಕಾರಣ, “ಇಲ್ಲ” ಎಂಬುದು ಯಾವುದಕ್ಕೆ, ಎಂಬುದು ಅಲ್ಲಿ ಸ್ಪಷ್ಟವಾಗುತ್ತದೆ. ಬರೆದಾದ ಮೇಲೆ ಇನ್ನೊಬ್ಬರ ಕೈಗೆ ಕೊಟ್ಟು, ಅವರಿಗೆ ತಿಳಿದದ್ದನ್ನು ಕನ್ನಡದಲ್ಲಿ ಹೇಳಿಸಿರಿ. ನೀವು ಹೇಳಿದ್ದೂ ಅವರು ಹೇಳಿದ್ದೂ ಒಂದೇ ಆದರೆ ಕಾಗದವನ್ನು ಕಳುಹಿಸಿರಿ. ಇನ್ನೊಬ್ಬರು ಬೇಕಾದರೆ ನಮ್ಮ ವಾಚನಾಲಯದ ಮೇಜಿನ ಬಳಿ ಸಂಜೆ ಯಾರಾದರೂ ಇದ್ದೇ ಇರುತ್ತಾರೆ.

ಮುಂದಿನ ಪಾಠದಲ್ಲಿ “ಹೂ”, “ವಿಚ್” ಎಂಬ ಕೊಂಡಿಗಳನ್ನು ನೋಡೋಣ.